ತಾನಾಗಿ ನುಗ್ಗುವ ಪಿಕಪ್: ಕಾರಣ ಸಿಗದಿದ್ದರೂ ರೀಕಾಲ್ ಮಾಡಬೇಕೆ?

ಅಮೆರಿಕದಲ್ಲಿ ವಾಹನ ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ. ಅಲ್ಲಿಗೆ ಪಿಕಪ್ ಟ್ರಕ್ ಮಾಲೀಕರಿಂದ ಒಂದು ಬಗೆಯ ದೂರು ಪದೇ ಪದೇ ಬರುತ್ತದೆ: ಪಾರ್ಕಿಂಗ್ ಜಾಗದಲ್ಲಿ ನಿಧಾನಕ್ಕೆ ತಿರುಗಿಸುತ್ತಿದ್ದೆ, ಕಾಲು ಬ್ರೇಕ್ ಮೇಲೇ ಇತ್ತು, ಎಂಜಿನ್ ಒಮ್ಮೆಲೇ ಅಬ್ಬರಿಸಿ ಗಾಡಿ ಮುಂದಕ್ಕೆ ನುಗ್ಗಿತು. ಡೀಲರ್ ಹತ್ತಿರ ಒಯ್ದರೆ ಕಂಪ್ಯೂಟರ್ ಸಿಕ್ಕಿಸಿ ನೋಡುತ್ತಾರೆ, ತೊಂದರೆ ಏನೂ ಕಾಣಲಿಲ್ಲ ಎಂದು ಬರೆದು ಕೀಲಿ ವಾಪಸ್ ಕೊಡುತ್ತಾರೆ. ಒಂದೇ ಮಾದರಿಯ ಟ್ರಕ್ಕಿನ ಮೇಲೆ ಇಂಥ ದೂರು ನೂರಾರು ಸೇರಿದಾಗ, ದೋಷ ಇಲ್ಲೇ ಇದೆ ಎಂದು ಯಾರೂ ಬೆರಳಿಟ್ಟು ತೋರಿಸಲಾಗದಿದ್ದರೂ, ಆ ಟ್ರಕ್ಕುಗಳನ್ನು ರೀಕಾಲ್ ಮಾಡಬೇಕೆ, ಅಂದರೆ ಕಂಪನಿಯೇ ವಾಪಸ್ ಕರೆಸಿ ಸರಿಪಡಿಸಿಕೊಡಬೇಕೆ?

ಪರ: ಕಾರಣ ಹುಡುಕುವುದು ಮಾಲೀಕರ ಕೆಲಸವಲ್ಲ

ಮಾಡಬೇಕು. ಈ ಪ್ರಶ್ನೆಗೆ ಅಮೆರಿಕದ ನ್ಯಾಯಾಲಯ 1975ರಲ್ಲೇ ಉತ್ತರ ಕೊಟ್ಟಿದೆ, ಅದೂ ಪಿಕಪ್ ಟ್ರಕ್ಕಿನ ವಿಚಾರದಲ್ಲೇ. ಜನರಲ್ ಮೋಟರ್ಸ್ 1960ರಿಂದ 65ರವರೆಗೆ ಮಾಡಿದ ಮುಕ್ಕಾಲು ಟನ್ನಿನ ಟ್ರಕ್ಕುಗಳ ಚಕ್ರಗಳು ಓಡುತ್ತಿರುವಾಗಲೇ ಒಡೆಯುತ್ತಿದ್ದವು. ಮಾಲೀಕರು ಮಿತಿಮೀರಿ ಭಾರ ಹೇರುತ್ತಾರೆ, ತಪ್ಪು ಅವರದ್ದೇ ಎಂದು ಕಂಪನಿ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಚಕ್ರ ಯಾಕೆ ಒಡೆಯಿತು ಎಂಬ ಎಂಜಿನಿಯರಿಂಗ್ ಕಾರಣವನ್ನು ಸರ್ಕಾರ ಸಾಬೀತು ಮಾಡಬೇಕಿಲ್ಲ. ಗಮನಾರ್ಹ ಸಂಖ್ಯೆಯಲ್ಲಿ ಒಡೆದಿವೆ ಎಂದು ತೋರಿಸಿದರೆ ಸಾಕು ಎಂದಿತು. ಟ್ರಕ್ ಕೊಂಡವರು ಹೆಚ್ಚು ಭಾರ ಹಾಕುತ್ತಾರೆ ಎಂಬುದು ಮೊದಲೇ ಊಹಿಸಬಹುದಾದ ಸಂಗತಿ, ಆದ್ದರಿಂದ ಅದನ್ನೂ ಲೆಕ್ಕಕ್ಕೆ ಹಿಡಿದೇ ಚಕ್ರ ಮಾಡಬೇಕಿತ್ತು ಎಂದೂ ಹೇಳಿತು. ಆ ತೀರ್ಪನ್ನು ಓದಿದಾಗೆಲ್ಲ ನನಗೆ ಅನಿಸುವುದಿದೆ: ಕಬ್ಬಿಣದ ಚಕ್ರಕ್ಕೆ ಕೊಟ್ಟ ನ್ಯಾಯವನ್ನು ಕಂಪ್ಯೂಟರಿನ ಹಿಡಿತದಲ್ಲಿರುವ ಎಂಜಿನ್ನಿಗೆ ಯಾಕೆ ಕೊಡುವುದಿಲ್ಲ?

ಹಿಂದೆ ಆಕ್ಸಿಲರೇಟರ್ ಪೆಡಲಿನಿಂದ ಎಂಜಿನ್ನಿಗೆ ಒಂದು ಕೇಬಲ್ ಹೋಗುತ್ತಿತ್ತು. ಅದು ಸಿಕ್ಕಿಕೊಂಡರೆ ಮೆಕ್ಯಾನಿಕ್ ಬಾನೆಟ್ ಎತ್ತಿ, ಕೈಯಿಂದ ಎಳೆದು ನೋಡಿ ಹೇಳುತ್ತಿದ್ದ. ಈಗ ಪೆಡಲಿಗೂ ಎಂಜಿನ್ನಿಗೂ ನೇರ ಸಂಬಂಧವೇ ಇಲ್ಲ. ಪೆಡಲಿನ ಬುಡದಲ್ಲಿರುವ ಎರಡು ಸೆನ್ಸರುಗಳು ಕಾಲು ಎಷ್ಟು ಒತ್ತಿದೆ ಎಂಬುದನ್ನು ವೋಲ್ಟೇಜ್ ರೂಪದಲ್ಲಿ ಕಂಪ್ಯೂಟರಿಗೆ ತಿಳಿಸುತ್ತವೆ. ಕಂಪ್ಯೂಟರ್ ಒಂದು ಪುಟ್ಟ ಮೋಟರನ್ನು ತಿರುಗಿಸಿ ಥ್ರಾಟಲನ್ನು, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು, ತೆರೆಯುತ್ತದೆ. ಆ ಲೆಕ್ಕದಲ್ಲಿ ಒಂದು ಕ್ಷಣ ಎಡವಟ್ಟಾದರೂ, ಎಂಜಿನ್ ಆರಿಸಿ ಮತ್ತೆ ಹಚ್ಚಿದೊಡನೆ ಅದರ ಗುರುತು ಅಳಿಸಿಹೋಗಬಹುದು. ಗೋಡೆಗೆ ಗುದ್ದಿ ನಡುಗುತ್ತ ಇಳಿದ ಮನುಷ್ಯನಿಗೆ ‘ಪುರಾವೆ ತೋರಿಸು’ ಎನ್ನುವುದು, ಅವನಿಗೆ ಕಾಣದ, ಕಂಪನಿಗೆ ಮಾತ್ರ ಕಾಣುವ ಪುಸ್ತಕದಿಂದ ಪುಟ ಹರಿದು ತಾ ಎಂದಂತೆ. ಒಕ್ಲಹೋಮಾದಲ್ಲಿ 2005ರ ಟೊಯೊಟಾ ಕ್ಯಾಮ್ರಿಯ ಅಪಘಾತದ ಮೊಕದ್ದಮೆ ನಡೆದಾಗ, ಆ ಕಾರಿನ ಸಾಫ್ಟ್‌ವೇರನ್ನು ಹೊರಗಿನ ತಜ್ಞರು ಓದಲಾಗಿದ್ದು ಬಿಗಿ ಕಾವಲಿನ ಕೋಣೆಯೊಳಗೆ ಕೂತು. ಸಾಫ್ಟ್‌ವೇರಿನೊಳಗೆ ಸದಾ ನಡೆಯುತ್ತಿರುವ ಕೆಲಸಗಳಲ್ಲಿ (ಟಾಸ್ಕ್) ಒಂದು ನಡುವೆ ಸತ್ತುಹೋದರೆ ಥ್ರಾಟಲ್ ತೆರೆದೇ ಉಳಿಯಬಹುದು, ರಕ್ಷಣಾ ವ್ಯವಸ್ಥೆಗೆ ಅದು ಗೊತ್ತಾಗದೇ ಹೋಗಬಹುದು ಎಂದು ಆ ತಜ್ಞರಲ್ಲೊಬ್ಬರಾದ ಮೈಕೆಲ್ ಬಾರ್ ಸಾಕ್ಷ್ಯ ನುಡಿದರು. 2013ರ ಅಕ್ಟೋಬರಿನಲ್ಲಿ ಜ್ಯೂರಿ ಒಟ್ಟು 30 ಲಕ್ಷ ಡಾಲರ್ ಪರಿಹಾರ ಕೊಡಲು ಹೇಳಿತು.

ಇನ್ನು ಪಿಕಪ್ಪಿನ ಕಥೆಗೇ ಬರೋಣ. 2006 ಮತ್ತು 2007ರ ಟೊಯೊಟಾ ಟಕೋಮಾ ತಾನಾಗಿ ವೇಗ ಹಿಡಿಯುತ್ತದೆ ಎಂದು ಮಾಲೀಕರೊಬ್ಬರು ತನಿಖೆ ಕೋರಿ ಎನ್‌ಎಚ್‌ಟಿಎಸ್‌ಎಗೆ ಅರ್ಜಿ ಹಾಕಿದರು. ಅನೇಕ ದೂರುಗಳು ಬರೀ ಪ್ರಚಾರದಿಂದ ಹುಟ್ಟಿದವು ಎಂದು ಕಂಪನಿ ಉತ್ತರಿಸಿತು. 2008ರ ಆಗಸ್ಟಿನಲ್ಲಿ ಅರ್ಜಿ ತಿರಸ್ಕೃತವಾಯಿತು. ಸರಿಯಾಗಿ ಒಂದು ವರ್ಷ ಕಳೆದು, 2009ರ ಆಗಸ್ಟ್ 28ರಂದು ಸ್ಯಾನ್ ಡಿಯಾಗೊ ಹತ್ತಿರ ಟೊಯೊಟಾದ್ದೇ ಆದ ಲೆಕ್ಸಸ್ ಕಾರೊಂದು ಹೆದ್ದಾರಿಯಲ್ಲಿ ನಿಲ್ಲದೆ ಓಡಿ ನಾಲ್ವರು ಸತ್ತರು. ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ; ವಾಹನ ಓಡಿಸಲು ಬಾರದವರಲ್ಲ. ಕಾರು ಡೀಲರ್ ತಾತ್ಕಾಲಿಕವಾಗಿ ಕೊಟ್ಟದ್ದು, ಅದರಲ್ಲಿ ಬೇರೊಂದು ಎಸ್‌ಯುವಿಗೆಂದು ಮಾಡಿದ ದಪ್ಪ ರಬ್ಬರ್ ಮ್ಯಾಟ್ ಹಾಸಿತ್ತು. ಕೆಲವೇ ದಿನಗಳ ಹಿಂದೆ ಅದೇ ಕಾರನ್ನು ಒಯ್ದಿದ್ದ ಇನ್ನೊಬ್ಬ ಗ್ರಾಹಕ, ಪೆಡಲ್ ಮ್ಯಾಟಿಗೆ ಸಿಕ್ಕಿಕೊಳ್ಳುತ್ತದೆ ಎಂದು ಡೀಲರ್ ಕಚೇರಿಯಲ್ಲಿ ಹೇಳಿ ಹೋಗಿದ್ದ. ಹೇಳಿದ್ದು ಅಲ್ಲೇ ಉಳಿಯಿತು.

ಆಮೇಲೆ ನಡೆದ ಮ್ಯಾಟ್ ರೀಕಾಲಿನ ಪಟ್ಟಿಯಲ್ಲಿ 2005ರಿಂದ 2010ರವರೆಗಿನ ಟಕೋಮಾ ಇತ್ತು, 2007ರಿಂದ 2010ರ ಟುಂಡ್ರಾ ಪಿಕಪ್ಪೂ ಇತ್ತು. 2010ರ ಜನವರಿಯಲ್ಲಿ ಒತ್ತಿದ ಪೆಡಲ್ ಮೇಲೇಳದ ದೋಷಕ್ಕೆ ಟುಂಡ್ರಾ ಮತ್ತೆ ರೀಕಾಲ್ ಆಯಿತು. ಈ ಎರಡು ದೋಷಗಳ ಬಗ್ಗೆ ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ತೆತ್ತಿತು. ಮ್ಯಾಟ್ ಎಷ್ಟು ಕಳ್ಳತನದಿಂದ ಕೆಲಸ ಮಾಡುತ್ತದೆ ನೋಡಿ. ಕೊಕ್ಕೆಗೆ ಸಿಕ್ಕಿಸದ ಮ್ಯಾಟ್ ದಿನಕ್ಕೆ ಒಂದಿಷ್ಟು ಮುಂದೆ ಸರಿಯುತ್ತದೆ. ಮುಂದಿನ ಗಾಡಿಯನ್ನು ದಾಟಲು ಪೆಡಲನ್ನು ಪೂರ್ತಿ ಒತ್ತಿದಾಗ ಅದರ ಕೆಳಗಿನ ಅಂಚು ರಬ್ಬರಿನ ಅಂಚಿಗೆ ಕಚ್ಚಿಕೊಳ್ಳುತ್ತದೆ, ಕಾಲು ತೆಗೆದರೂ ಬಿಡುವುದಿಲ್ಲ. ಗಾಬರಿಯಲ್ಲಿ ಕಾಲು ಎಳೆದುಕೊಂಡಾಗ ಮ್ಯಾಟ್ ಮತ್ತೆ ಹಿಂದಕ್ಕೆ ಜಾರಿದರೆ, ಡೀಲರಿಗೆ ಕಾಣುವುದು ಸರಿಯಾಗಿರುವ ಟ್ರಕ್ಕೇ. ಮಾಲೀಕರು ಎಲೆಕ್ಟ್ರಾನಿಕ್ಸ್ ಎಂದು ಹೆಸರು ತಪ್ಪಾಗಿ ಹೇಳಿರಬಹುದು. ಗಾಡಿ ನಿಲ್ಲಲಿಲ್ಲ ಎಂದದ್ದು ಸುಳ್ಳಾಗಿರಲಿಲ್ಲ.

ಟೊಯೊಟಾ ಗಾಡಿಗಳಲ್ಲಿ ನಾಸಾ ಎಂಜಿನಿಯರುಗಳು ಹತ್ತು ತಿಂಗಳು ಹುಡುಕಿದರು, ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ ಎಂದು 2011ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದೇ ವರದಿಯೊಳಗೆ, ಪುರಾವೆ ಸಿಗದ ಮಾತ್ರಕ್ಕೆ ಈ ವ್ಯವಸ್ಥೆ ದೋಷಮುಕ್ತ ಎಂದಾಗುವುದಿಲ್ಲ ಎಂದೂ ಬರೆದಿದ್ದಾರೆ. ಆ ಮಾತನ್ನು ಎತ್ತಿ ಹೇಳಿದವರು ಕಡಿಮೆ.

ಕಾರಣವೇ ಗೊತ್ತಿಲ್ಲದೆ ಏನನ್ನು ರಿಪೇರಿ ಮಾಡುತ್ತೀರಿ ಎಂದು ಕೇಳುತ್ತಾರೆ. ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡೂ ಒತ್ತಿದ್ದರೆ ಎಂಜಿನ್ ಬ್ರೇಕಿನ ಮಾತನ್ನೇ ಕೇಳುವಂತೆ ಮಾಡುವ ಸಾಫ್ಟ್‌ವೇರ್ ಇದೆ. ಸಿಕ್ಕಿಕೊಂಡದ್ದು ಮ್ಯಾಟೋ, ಸ್ಪ್ರಿಂಗೋ, ಸೆನ್ಸರೋ, ಅದಕ್ಕೆ ಗೊತ್ತಿರಬೇಕಾಗಿಲ್ಲ. ಟೊಯೊಟಾ ಆಮೇಲೆ ತನ್ನ ಗಾಡಿಗಳಿಗೆ ಅದನ್ನು ಹಾಕಿತು. ಮೊದಲ ಐವತ್ತು ದೂರು ಬಂದಾಗಲೇ ಹಾಕಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಮಿನೆಸೋಟಾದಲ್ಲಿ ಹಳೆಯ ಕಾರೊಂದು ವೇಗವಾಗಿ ಬಂದು ಗುದ್ದಿ ಜನ ಸತ್ತರು. ಬ್ರೇಕ್ ಒತ್ತುತ್ತಲೇ ಇದ್ದೆ ಎಂದು ಚಾಲಕ ಗೋಗರೆದರೂ ಕೋರ್ಟು ನಂಬದೆ ಎಂಟು ವರ್ಷ ಶಿಕ್ಷೆ ಕೊಟ್ಟಿತು. 2010ರಲ್ಲಿ ಅವರು ಹೊರಬಂದರು. ಅವರ ಬಿಡುಗಡೆಗೆ ನೆರವಾದದ್ದು ಅಂಥದೇ ಕಾರಿನ ಬೇರೆ ಮಾಲೀಕರು ‘ನಮಗೂ ಹೀಗೇ ಆಗಿತ್ತು’ ಎಂದು ಬರೆದುಕೊಟ್ಟ ಪ್ರಮಾಣಪತ್ರಗಳು. ಮೇಲೆ ಹೇಳಿದ ಮ್ಯಾಟ್ ಮತ್ತು ಪೆಡಲ್ ರೀಕಾಲುಗಳ ಪಟ್ಟಿಯಲ್ಲಿ ಆ ಕಾರಿನ ಹೆಸರಿರಲಿಲ್ಲ.

ವಿರೋಧ: ಎಣಿಕೆಯಿಂದ ಗಾಡಿ ರಿಪೇರಿಯಾಗುವುದಿಲ್ಲ

ದೂರು ಕೊಟ್ಟವರು ಸುಳ್ಳು ಹೇಳುತ್ತಾರೆ ಎಂದು ನಾನು ಒಂದು ಗಳಿಗೆಯೂ ನಂಬುವುದಿಲ್ಲ. ಅವರು ತಮಗೆ ಅನಿಸಿದ್ದನ್ನೇ ಹೇಳುತ್ತಾರೆ. ಕಷ್ಟವಿರುವುದು, ಪಾದಕ್ಕೆ ಕಣ್ಣಿಲ್ಲ ಎಂಬುದರಲ್ಲಿ.

ಟ್ರಕ್ ಹಿಂದಕ್ಕೆ ತೆಗೆಯುವಾಗ ಮೈ ಏನು ಮಾಡುತ್ತದೆ ಎಂದು ಗಮನಿಸಿ. ಬಲಗೈ ಪಕ್ಕದ ಸೀಟಿನ ಬೆನ್ನಿಗೆ ಹೋಗುತ್ತದೆ, ಕತ್ತು ತಿರುಗುತ್ತದೆ, ಸೊಂಟ ತಿರುಚುತ್ತದೆ, ಅದರೊಂದಿಗೆ ಬಲಗಾಲೂ ಎರಡು ಬೆರಳಿನಷ್ಟು ಬಲಕ್ಕೆ ಸರಿಯುತ್ತದೆ. ದಪ್ಪ ಬೂಟು ಹಾಕಿದ್ದರೆ ಕೆಳಗಿರುವ ಪೆಡಲ್ ಯಾವುದೆಂದು ತಿಳಿಯುವುದೂ ಕಷ್ಟ. ನಿಲ್ಲಿಸಬೇಕೆಂದು ಒತ್ತುತ್ತೇವೆ, ಗಾಡಿ ನುಗ್ಗುತ್ತದೆ. ಬ್ರೇಕ್ ಹಿಡಿಯಲಿಲ್ಲ ಎಂದುಕೊಂಡು ಇನ್ನೂ ಜೋರಾಗಿ ಒತ್ತುತ್ತೇವೆ. ಇದೆಲ್ಲ ನಾಲ್ಕೈದು ಸೆಕೆಂಡಿನ ಮಾತು. ಕೊನೆವರೆಗೂ ಮನಸ್ಸಿಗೆ ಕಾಲು ಬ್ರೇಕಿನ ಮೇಲೇ ಇರುತ್ತದೆ, ನೆನಪಿನಲ್ಲಿ ಉಳಿಯುವುದೂ ಅದೇ. ಹೀಗೆ ಪೆಡಲ್ ತಪ್ಪುವುದು 20ರ ಒಳಗಿನವರಲ್ಲಿ ಮತ್ತು 65 ದಾಟಿದವರಲ್ಲಿ ಹೆಚ್ಚು. ಆದರೆ ಯಾರಿಗೂ ಆಗಬಹುದು, ನನಗೂ.

1986ರಲ್ಲಿ ಅಮೆರಿಕದ ಟಿವಿಯಲ್ಲಿ ಆಡಿ 5000 ಕಾರಿನ ಬಗ್ಗೆ ಇಂಥದೇ ವರದಿ ಬಂತು. ವರ್ಷಕ್ಕೆ ಸುಮಾರು 74,000 ಕಾರು ಮಾರುತ್ತಿದ್ದ ಆಡಿ 1991ರ ಹೊತ್ತಿಗೆ 12,000ದ ಆಸುಪಾಸಿಗೆ ಇಳಿಯಿತು. 1989ರಲ್ಲಿ ಎನ್‌ಎಚ್‌ಟಿಎಸ್‌ಎ ಪ್ರಕಟಿಸಿದ ಅಧ್ಯಯನ ಹತ್ತು ಮಾದರಿಗಳನ್ನು ಬಿಚ್ಚಿ ನೋಡಿ, ನಿಂತಲ್ಲಿಂದ ನುಗ್ಗಿದ ಪ್ರಕರಣಗಳಲ್ಲಿ ಬಹುಪಾಲು ಪೆಡಲ್ ತಪ್ಪಿದ್ದರಿಂದ ಆದವು ಎಂದಿತು. ಪೆಡಲುಗಳ ಜೋಡಣೆ ಆ ತಪ್ಪಿಗೆ ಎಡೆ ಮಾಡಿಕೊಡಬಹುದು ಎಂದೂ ಹೇಳಿತು. ನಿಜವಾಗಿ ಉಪಯೋಗಕ್ಕೆ ಬಂದ ಪರಿಹಾರವೂ ಕಾಲಿಗೆ ಸಂಬಂಧಿಸಿದ್ದೇ: ಬ್ರೇಕ್ ಒತ್ತದೆ ಗೇರನ್ನು ಪಾರ್ಕ್‌ನಿಂದ ತೆಗೆಯಲು ಬಾರದಂತೆ ಮಾಡಿದ ಬೀಗ. ಇವತ್ತು ಆಟೊಮ್ಯಾಟಿಕ್ ಗಾಡಿ ಓಡಿಸುವ ಪ್ರತಿಯೊಬ್ಬರೂ ದಿನವೂ ಅದನ್ನು ಬಳಸುತ್ತಾರೆ. ಚಾಲಕರದ್ದೇನೂ ತಪ್ಪಿಲ್ಲ ಎಂದು ಹಟ ಹಿಡಿದು ಎಂಜಿನ್ನಿನ ಭಾಗ ಬದಲಿಸುತ್ತ ಕೂತಿದ್ದರೆ ಆ ಬೀಗ ಬರುತ್ತಿತ್ತೇ?

ಟೊಯೊಟಾ ಪ್ರಕರಣದಲ್ಲಿ ಅಪಘಾತಕ್ಕೊಳಗಾದ 58 ವಾಹನಗಳ ರೆಕಾರ್ಡರ್‌ಗಳನ್ನು, ಅಂದರೆ ಅಪಘಾತದ ಹೊತ್ತಿನ ಮಾಹಿತಿ ಬರೆದಿಡುವ ಸಾಧನಗಳನ್ನು, ಓದಿದಾಗ 35ರಲ್ಲಿ ಬ್ರೇಕ್ ಒತ್ತಿದ ಗುರುತೇ ಇರಲಿಲ್ಲ. ರೆಕಾರ್ಡರಿಗೆ ಮಾಹಿತಿ ಕೊಡುವುದೂ ಅದೇ ಗಾಡಿಯ ಕಂಪ್ಯೂಟರುಗಳೇ ಎಂಬ ಆಕ್ಷೇಪ ನನಗೆ ಗೊತ್ತಿದೆ, ಅದನ್ನು ತಳ್ಳಿಹಾಕುವುದಿಲ್ಲ. ಹಾಗಿದ್ದರೂ ಥ್ರಾಟಲ್ ತಾನಾಗಿ ತೆರೆದುಕೊಳ್ಳಬೇಕು, ಅದೇ ಕ್ಷಣಕ್ಕೆ ಬೇರೆಯೇ ವ್ಯವಸ್ಥೆಯಾದ ಬ್ರೇಕ್ ಕೈಕೊಡಬೇಕು, ಅದರ ಮೇಲೆ ರೆಕಾರ್ಡರೂ ತಪ್ಪು ಬರೆದಿರಬೇಕು. ಮೂರೂ ಇಷ್ಟೊಂದು ಗಾಡಿಗಳಲ್ಲಿ ಒಟ್ಟಿಗೆ ಆಗಿ, ಮರುದಿನ ಮೂರೂ ಸರಿಹೋಗಿವೆ ಎಂದು ನಂಬಲು ನನಗೆ ಆಗುವುದಿಲ್ಲ. ಬ್ರೇಕಿನ ಶಕ್ತಿ ಎಂಜಿನ್ನಿನದಕ್ಕಿಂತ ದೊಡ್ಡದು. ಆಗ ಒಂದು ಕಾರು ಪತ್ರಿಕೆಯವರು ವಿ6 ಕ್ಯಾಮ್ರಿಯನ್ನು ಗಂಟೆಗೆ 70 ಮೈಲಿ ವೇಗದಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿಟ್ಟೇ ನಿಲ್ಲಿಸಿ ನೋಡಿದರು: 190 ಅಡಿಯಲ್ಲಿ ನಿಂತಿತು. ಆಕ್ಸಿಲರೇಟರ್ ಬಿಟ್ಟಾಗ ಬೇಕಾದದ್ದು 174 ಅಡಿ.

ಸ್ಯಾನ್ ಡಿಯಾಗೊದ ಕಾರು ಹಾಗೆ ನಿಲ್ಲಲಿಲ್ಲ, ನಿಜ. ಥ್ರಾಟಲ್ ತೆರೆದೇ ಇದ್ದಾಗ ಬ್ರೇಕಿಗೆ ಬಲ ಕೊಡುವ ನಿರ್ವಾತ ಒಂದೆರಡು ಸಲ ಬಿಟ್ಟು ಒತ್ತುವಷ್ಟರಲ್ಲಿ ಖಾಲಿಯಾಗುತ್ತದೆ, ಪೆಡಲ್ ಕಲ್ಲಾಗುತ್ತದೆ. ಅದಕ್ಕೇ ಬಿಟ್ಟು ಬಿಟ್ಟು ಒತ್ತಬೇಡಿ, ಒಂದೇ ಸಲಕ್ಕೆ ಬಲವಾಗಿ ಒತ್ತಿ ಹಿಡಿದು ಗೇರನ್ನು ನ್ಯೂಟ್ರಲ್‌ಗೆ ಹಾಕಿ ಎಂದು ಹೇಳುವುದು. ಆದರೆ ಹೆದ್ದಾರಿಯಲ್ಲಿ ಪೆಡಲ್ ಸಿಕ್ಕಿಕೊಂಡು ಮೈಲಿಗಟ್ಟಲೆ ಓಡುವುದು ಒಂದು ಸಂಗತಿ, ಪಾರ್ಕಿಂಗ್ ಜಾಗದಲ್ಲಿ ನಿಂತಲ್ಲಿಂದ ಗೋಡೆಗೆ ನುಗ್ಗುವುದು ಇನ್ನೊಂದು. ಎರಡನ್ನೂ ಒಂದೇ ಹೆಸರಿನಡಿ ಎಣಿಸುವುದೇ ನನ್ನ ದೊಡ್ಡ ತಕರಾರು. ಮ್ಯಾಟ್ ಕತ್ತರಿಸಿದರೆ ಮೊದಲನೆಯದು ತಪ್ಪುತ್ತದೆ. ಪರ ವಾದಿಸಿದವರು ಹೇಳುವ ಬ್ರೇಕ್ ಸಾಫ್ಟ್‌ವೇರೂ ಅದಕ್ಕೆ ಒಳ್ಳೆಯದೇ, ಎಲ್ಲ ಗಾಡಿಯಲ್ಲೂ ಇರಲಿ. ಆದರೆ ಕಾಲು ಬ್ರೇಕಿನ ಮೇಲೆ ಇಲ್ಲದ ಆ 35 ಪ್ರಕರಣಗಳಲ್ಲಿ ಅದು ಮಾಡುವುದೇನೂ ಇಲ್ಲ. ರೀಕಾಲ್ ಪತ್ರ ಹಿಡಿದು ಡೀಲರ್ ಹತ್ತಿರ ಹೋದ ವೃದ್ಧರು ‘ನನ್ನ ಟ್ರಕ್ ಈಗ ಸರಿಯಾಯಿತು’ ಎಂಬ ಧೈರ್ಯದಲ್ಲಿ ಮನೆಗೆ ಬರುತ್ತಾರೆ. ಅವರ ಮುಂದಿನ ತಪ್ಪು ಹೆಜ್ಜೆಯನ್ನು ತಡೆಯುವಂಥದ್ದು ಆ ಟ್ರಕ್ಕಿನಲ್ಲಿ ಏನೂ ಇರುವುದಿಲ್ಲ. ಈ ಭಯ ನನ್ನನ್ನು ಬಿಡುವುದಿಲ್ಲ. ಎದುರಿಗೆ ಅಡ್ಡಿಯಿದ್ದಾಗ ಆಕ್ಸಿಲರೇಟರ್ ತಪ್ಪಿ ಒತ್ತಿದರೆ ತಡೆಯುವ ಸಾಧನವನ್ನು ಜಪಾನ್ 2028ರ ಸೆಪ್ಟೆಂಬರಿನಿಂದ ಹೊಸ ಆಟೊಮ್ಯಾಟಿಕ್ ಕಾರುಗಳಿಗೆ ಕಡ್ಡಾಯ ಮಾಡುತ್ತಿದೆ. ಪಿಕಪ್ಪಿನ ಮಾಲೀಕರು ಕೇಳಬೇಕಾದದ್ದು ಅದನ್ನು.

ನಾಸಾದವರು ಒಂದು ಹಳೆಯ ಪೆಡಲ್ ಸೆನ್ಸರ್ ಬಿಚ್ಚಿದಾಗ ಕೂದಲಿಗಿಂತ ತೆಳ್ಳಗಿನ ತವರದ ಎಳೆಯೊಂದು ಬೆಳೆದು ಎರಡು ಸರ್ಕಿಟುಗಳನ್ನು ಮುಟ್ಟಿಸಿದ್ದು ಕಂಡಿತು. ಹೆದರಿಕೆ ಹುಟ್ಟಿಸುವ ಸಂಗತಿಯೇ. ಆದರೆ ಅದು ಸಿಕ್ಕಿದ್ದು ಯಾರೋ ಆ ಭಾಗವನ್ನು ಕೈಗೆತ್ತಿಕೊಂಡು ಸೂಕ್ಷ್ಮದರ್ಶಕದಡಿ ಇಟ್ಟಿದ್ದರಿಂದ. 1975ರ ಮೊಕದ್ದಮೆಯಲ್ಲೂ ಒಡೆದ ಚಕ್ರ ಕಣ್ಣಿಗೆ ಕಾಣುತ್ತಿತ್ತು. ಯಾಕೆ ಒಡೆಯಿತು ಎಂದು ಗೊತ್ತಿರದಿದ್ದರೂ ಒಡೆದದ್ದರಲ್ಲಿ ಸಂಶಯವಿರಲಿಲ್ಲ. ತಾನಾಗಿ ನುಗ್ಗಿತು ಎಂಬ ದೂರಿನಲ್ಲಿ ಮೊದಲು ತಿಳಿಯಬೇಕಾದ್ದೇ ಅದು, ಏನಾದರೂ ಒಡೆದಿತ್ತೇ ಎಂದು. ಆದ್ದರಿಂದ ದೂರು ಬಂದ ಟ್ರಕ್ಕನ್ನು ಎಳೆದೊಯ್ಯುವ ಮೊದಲೇ ಪೆಡಲು ಮತ್ತು ಮ್ಯಾಟಿನ ಫೋಟೊ ತೆಗೆಯಬೇಕು. ರೆಕಾರ್ಡರಿನ ಮಾಹಿತಿಯನ್ನು ವಾರದೊಳಗೆ ಓದಿ ಮಾಲೀಕರ ಕೈಗೂ ಕೊಡಬೇಕು. 2015ರ ಕಾನೂನಿನ ಪ್ರಕಾರ ಆ ಮಾಹಿತಿ ಅವರದ್ದೇ.

2024ರ ಏಪ್ರಿಲ್‌ನಲ್ಲಿ ಟೆಸ್ಲಾ ತನ್ನ ಪಿಕಪ್ ಸೈಬರ್‌ಟ್ರಕ್ಕಿನ 3,878 ಗಾಡಿಗಳನ್ನು ರೀಕಾಲ್ ಮಾಡಿತು. ಅದಕ್ಕೆ ಮೊದಲು ಗ್ರಾಹಕರಿಂದ ಬಂದಿದ್ದು ಎರಡು ದೂರು ಮಾತ್ರ. ಆಕ್ಸಿಲರೇಟರಿನ ಮೇಲ್ಹೊದಿಕೆ ಜಾರಿ, ಮೇಲಿನ ಫಲಕದ ಸಂದಿಯಲ್ಲಿ ಸಿಕ್ಕಿ, ಪೆಡಲನ್ನು ಒತ್ತಿದಲ್ಲೇ ಹಿಡಿದಿತ್ತು. ಜೋಡಿಸುವಾಗ ಹೊದಿಕೆ ಸುಲಭವಾಗಿ ಕೂರಲೆಂದು ಅನುಮತಿ ಇಲ್ಲದೆ ಸೋಪು ಸವರಿದ್ದರು, ಅದರ ಜಾರು ಅಲ್ಲೇ ಉಳಿದಿತ್ತು. ಎರಡು ದೂರಿಗೆ ಕಾರಣ ಗೊತ್ತಾಯಿತು, ಹೊದಿಕೆಗೆ ರಿವೆಟ್ ಹೊಡೆದು ಭದ್ರ ಮಾಡಿಕೊಟ್ಟರು.