ಲಾಸ್ ಏಂಜಲೀಸಿನ ಬೆಂಕಿ, ಮುಲುಂಡಿನ ಚಪ್ಪಲಿ ಸ್ಟ್ಯಾಂಡು

ಮುಲುಂಡಿನ ನಮ್ಮ ಸೊಸೈಟಿಯವರಿಗೆ ಈಗ ಅಗ್ನಿಶಾಮಕ ದಳ ಅಂದರೆ ಪ್ರಾಣ. ಮುಂಬಯಿಯದ್ದಲ್ಲ, ಲಾಸ್ ಏಂಜಲೀಸಿನದ್ದು. 2018ರಲ್ಲಿ ಶುರುವಾದ '9-1-1' ಅನ್ನೋ ಅಮೆರಿಕದ ಸೀರಿಯಲ್ಲಿನ ಹುಚ್ಚು. ಅದರಲ್ಲಿ ಭೂಕಂಪ ಆಯ್ತು, ಸುನಾಮಿ ಬಂತು, ಹಡಗು ಮಗುಚಿತು. ಇನ್ನೇನೂ ಉಳಿದಿಲ್ಲ ಅನ್ನುವಾಗ ಜೇನುಹುಳಗಳ ದಂಡನ್ನೇ ಊರ ಮೇಲೆ ಬಿಟ್ಟರು. ಏನೇ ಆಗಲಿ, ಫೈರ್ ಎಂಜಿನ್ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಬಾಗಿಲಲ್ಲಿ ಹಾಜರು.

"ಎಂಥಾ ಸ್ಪೀಡು ಮಾರಾಯ್ರೇ! ನಮ್ಮವರೂ ಇದ್ದಾರೆ, ದಂಡಕ್ಕೆ" ಅನ್ನುತ್ತಾರೆ ಏಳನೇ ಮಹಡಿಯ ಶೆಟ್ಟರು. ಅವರ ದೊಡ್ಡ ಗಾಡಿ ನಿಲ್ಲುವುದು ಫೈರ್ ಎಂಜಿನ್ ತಿರುಗಲಿ ಅಂತ ಹಳದಿ ಗೆರೆ ಎಳೆದ ಜಾಗದಲ್ಲೇ.

ಮೆಟ್ಟಿಲ ಕಡೆ ಬನ್ನಿ. ಐದನೇ ಮಹಡಿಯಲ್ಲಿ ಚಪ್ಪಲಿ ಸ್ಟ್ಯಾಂಡು, ಅದಕ್ಕೆ ಒರಗಿದ ಸೈಕಲ್ಲು, ಅದರ ಮೇಲೆ ಹೋದ ಚೌತಿಯ ಮಂಟಪದ ಥರ್ಮಾಕೋಲು. ಪಕ್ಕದಲ್ಲಿ ಬೆಂಕಿ ಆರಿಸುವ ಪೈಪಿನ ಕೆಂಪು ಪೆಟ್ಟಿಗೆ. ತೆರೆದರೆ ಒಂದು ಪೊರಕೆ, ಒಂದು ಫಿನಾಯಿಲ್ ಬಾಟ್ಲಿ. ಪೈಪಿನ ತುದಿಯ ಹಿತ್ತಾಳೆ ನಾಝಲ್ ಎಂದೋ ಗುಜರಿಯ ಭಂಗಾರ್‌ವಾಲಾನ ತಕ್ಕಡಿ ಏರಿದೆ. ಬೆಂಕಿ ಆರಿಸುವ ಸಿಲಿಂಡರಿಗೂ ಕೆಲಸ ಕೊಟ್ಟಿದ್ದೇವೆ. ಮೀಟರ್ ರೂಮಿನ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ನೋಡಿಕೊಳ್ಳುವುದು.

ಹಾಗಂತ ಕಾನೂನು ಮೀರಿದವರಲ್ಲ ನಾವು. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯ ಪ್ರಕಾರ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಎಲ್ಲ ಸರಿಯಿದೆ ಅಂತ ಲೈಸೆನ್ಸ್ ಇರುವ ಏಜೆನ್ಸಿಯಿಂದ 'ಫಾರ್ಮ್ ಬಿ' ಪಡೆಯಬೇಕು. ನಮ್ಮದು ಲ್ಯಾಮಿನೇಟ್ ಆಗಿ ಗೋಡೆಯಲ್ಲಿ ತೂಗುತ್ತಿದೆ. ಇಡೀ ಬಿಲ್ಡಿಂಗಿನಲ್ಲಿ ಸುಸ್ಥಿತಿಯಲ್ಲಿ ಇರುವುದು ಅದೊಂದೇ.

ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ. 1944ರಲ್ಲಿ ಅದೇ ದಿನ ಮುಂಬಯಿ ಬಂದರಿನ ವಿಕ್ಟೋರಿಯಾ ಡಾಕಿನಲ್ಲಿ ಮದ್ದುಗುಂಡಿನ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಮಂದಿ ಸತ್ತರು. ಇದೇ ಮುಂಬಯಿಯ ಸಿಬ್ಬಂದಿ. ಅದಕ್ಕೆ ಎರಡನೇ ಸೀಸನ್ ಬರಲಿಲ್ಲ ನೋಡಿ, ಹಾಗಾಗಿ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಆ ವಾರವೇ ನಮ್ಮಲ್ಲೂ ಮಾಕ್ ಡ್ರಿಲ್ ಇಟ್ಟಿದ್ದರು. ಫೈರ್ ಎಂಜಿನ್ ಗೇಟಿನವರೆಗೆ ಬಂದು ನಿಂತಿತು. ಹಳದಿ ಗೆರೆಯ ಮೇಲೆ ಗಾಡಿ. ವಾಚ್‌ಮನ್ ಇಂಟರ್‌ಕಾಮ್ ಒತ್ತಿದ. ಶೆಟ್ಟರ ಮನೆಯಲ್ಲಿ ಟೀವಿಯೊಳಗೆ ಯಾರೋ ಹೊಗೆಯಲ್ಲಿ ಸಿಕ್ಕಿಬಿದ್ದಿದ್ದರು.

"ಡ್ರಿಲ್ ತಾನೇ? ನಿಜವಾಗಿ ಬೆಂಕಿ ಬಿದ್ದಾಗ ತೆಗೀತೇನೆ ಮಾರಾಯಾ."

ಸಿಬ್ಬಂದಿ ಪೈಪು ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಐದನೇ ಮಹಡಿಯ ಮಾಮಿ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಲೇ ಎಚ್ಚರಿಸಿದರು, "ಭಾವೂ, ಚಪ್ಪಲಿ ತುಳೀಬೇಡಿ, ಹೊಸದು!"

ಸಂಜೆ ಗ್ರೂಪಿನಲ್ಲಿ ಆ ವಿಡಿಯೋಗೆ ಹೃದಯಗಳ ಮಳೆ. ಕೆಳಗೆ ಶೆಟ್ಟರ ಕಾಮೆಂಟು: "ಎಲ್ಲ ಸರಿ, ಆದರೆ ಬರುವುದು ಸ್ವಲ್ಪ ಲೇಟ್ ಆಯ್ತು."