ಎರಡು ನಿಮಿಷದ ಉದ್ಯಮಿಗಳು

ಜನವರಿ 16 ಹತ್ತಿರ ಬಂತೆಂದರೆ ನಮ್ಮ ವಿಶ್ವವಿದ್ಯಾಲಯಗಳಿಗೆ ಉದ್ಯಮದ ಜ್ವರ ಏರುತ್ತದೆ. ರಾಷ್ಟ್ರೀಯ ಸ್ಟಾರ್ಟಪ್ ದಿನ ನೋಡಿ. ಸುತ್ತೋಲೆ ಬಂತು, ಫ್ಲೆಕ್ಸಿಗೆ ಆರ್ಡರ್ ಹೋಯಿತು ಅಂದರೆ ಪಿಚ್ ಸ್ಪರ್ಧೆ, ಅಂದರೆ ಹುಡುಗರು ತಮ್ಮ ಉದ್ಯಮದ ಐಡಿಯಾವನ್ನು ತೀರ್ಪುಗಾರರ ಮುಂದೆ ಹೇಳಿ ಒಪ್ಪಿಸುವ ಸ್ಪರ್ಧೆ, ಮುಕ್ಕಾಲು ಮುಗಿದ ಹಾಗೇ.

ಹತ್ತು ಗಂಟೆಗೆ ಶುರುವಾಗಬೇಕಾದದ್ದಕ್ಕೆ ಮುಖ್ಯ ಅತಿಥಿಗಳು ಹನ್ನೊಂದೂವರೆಗೆ ಬರುತ್ತಾರೆ. ಪ್ರಾರ್ಥನೆ, ದೀಪ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಆಮೇಲೆ "ಕೆಲಸ ಹುಡುಕಬೇಡಿ, ಕೆಲಸ ಕೊಡುವವರಾಗಿ" ಅಂತ ಮುಕ್ಕಾಲು ಗಂಟೆ ಭಾಷಣ. ಅಷ್ಟರಲ್ಲಿ ಊಟದ ಹೊತ್ತು. ಐದು ನಿಮಿಷಕ್ಕೆ ತಯಾರಾಗಿ ಬಂದ ಹುಡುಗರಿಗೆ, "ಎರಡೇ ನಿಮಿಷದಲ್ಲಿ ಮುಗಿಸ್ರಪ್ಪಾ, ಪಲಾವ್ ಆರಿ ಹೋಗುತ್ತೆ."

ಹುಡುಗರು ತರುವ ಐಡಿಯಾಗಳಲ್ಲಿ ಸ್ಮಾರ್ಟ್ ಡಸ್ಟ್‌ಬಿನ್ ಬಗ್ಗೆ ಮಾತ್ರ ನಾಲ್ಕು ಮಾತು ಹೇಳಲೇಬೇಕು. ಕೈ ತೋರಿಸಿದರೆ ಮುಚ್ಚಳ ತೆರೆಯುವ ಬುಟ್ಟಿ ಅದು. ಕೈ ಹತ್ತಿರ ಬಂದದ್ದು ಗುರುತಿಸಲು ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಮುಚ್ಚಳ ಎತ್ತಲು ಒಂದು ಸರ್ವೋ ಮೋಟರ್, ಇವೆರಡನ್ನೂ ನಡೆಸಲು ಆರ್ಡುವಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್. ಎಲ್ಲ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುತ್ತದೆ, ಕೋಡ್ ಯೂಟ್ಯೂಬಿನಲ್ಲಿದೆ. ಸೀನಿಯರ್‌ಗಳು ಮಾಡಿದ್ದು ಇದನ್ನೇ, ಅವರ ಸೀನಿಯರ್‌ಗಳೂ ಇದನ್ನೇ. ಈ ಸಲ ಹೆಸರಿನ ಮುಂದೆ ಎಐ ಸೇರಿದೆ, ಅಷ್ಟೇ. ತೀರ್ಪುಗಾರರು ಬಗ್ಗಿ ಕೈ ಆಡಿಸುತ್ತಾರೆ. ಮುಚ್ಚಳ ಅಲ್ಲಾಡುವುದಿಲ್ಲ. "ಸರ್, ಬ್ಯಾಟರಿ ಲೋ ಆಗಿದೆ." ಚಪ್ಪಾಳೆ! ಸ್ಲೈಡಿನಲ್ಲಿ ಮಾರುಕಟ್ಟೆಯ ಗಾತ್ರ ಸಾವಿರಾರು ಕೋಟಿ. ದೇಶದ ಜನಸಂಖ್ಯೆಯನ್ನು ಬುಟ್ಟಿಯ ಬೆಲೆಯಿಂದ ಗುಣಿಸಿರಬೇಕು. ಸಭಾಂಗಣದ ಹಿಂದೆ ಎಂಜಲು ತಟ್ಟೆಗಳ ರಾಶಿ ಬಿದ್ದಿರುತ್ತದಲ್ವಾ, ಅದನ್ನು ಎತ್ತುವ ಅಕ್ಕನಿಗೆ ಮುಚ್ಚಳ ತೆರೆಯುವುದು ಯಾವತ್ತೂ ಕಷ್ಟವಾಗಿರಲಿಲ್ಲ. ಅವರ ಕಷ್ಟ ಏನು ಅಂತ ಯಾರೂ ಕೇಳಿಲ್ಲ.

ಹುಡುಗರನ್ನು ಬೈದು ಪ್ರಯೋಜನವಿಲ್ಲ. ಸ್ಪರ್ಧೆ ನಡೆಯುವುದೇ ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಗೆ ತೋರಿಸುವ ಫೈಲಿಗಾಗಿ. ಅಲ್ಲಿಗೆ ಜಿಯೋ ಟ್ಯಾಗ್ ಇರುವ, ಅಂದರೆ ತೆಗೆದ ಜಾಗ ದಾಖಲಾದ ಫೋಟೋ ಬೇಕು. ಇನ್ನೊಂದು ಕಡೆ, ಕಾಲೇಜುಗಳಲ್ಲಿ ಹೊಸ ಆವಿಷ್ಕಾರ ಬೆಳೆಸಲು ಅಂತ ಕೇಂದ್ರ ಸರ್ಕಾರ 2018ರಲ್ಲಿ ಶುರು ಮಾಡಿದ ಇನ್ನೋವೇಶನ್ ಕೌನ್ಸಿಲ್‌ನ ಸ್ಟಾರ್ ರೇಟಿಂಗ್. ಫೋಟೋದಲ್ಲಿ ಹಿಂದಿನ ಸಾಲು ಖಾಲಿ ಕಾಣಬಾರದಲ್ಲ, ಹಾಜರಾತಿ ಆಸೆ ತೋರಿಸಿ ಬಿ.ಎ. ಮಕ್ಕಳನ್ನೂ ಎಳೆದು ತಂದು ಕೂರಿಸುತ್ತಾರೆ.

ಗೆದ್ದವರಿಗೆ ಬಾಗಿಲಷ್ಟು ದೊಡ್ಡ ಸನ್‌ಬೋರ್ಡ್ ಚೆಕ್. ಮೊತ್ತ ಹತ್ತು ಸಾವಿರ. ಅದನ್ನು ಹಿಡಿದುಕೊಂಡು ಬಸ್ ಹತ್ತುವುದೇ ದೊಡ್ಡ ಸಾಹಸ. ನಿಜವಾದ ದುಡ್ಡು ಖಾತೆಗೆ ಬೀಳುವಷ್ಟರಲ್ಲಿ ಹುಡುಗ ಪಾಸಾಗಿ, ಕೆಲಸ ಕೊಡುವವರಾಗಿ ಎಂದ ಅತಿಥಿಯ ಕಂಪನಿಗೇ ರೆಸ್ಯೂಮೆ ಕಳಿಸಿರುತ್ತಾನೆ.

ಅಸಲಿ ಸ್ಟಾರ್ಟಪ್ ನೋಡಬೇಕಿದ್ದರೆ ನಮ್ಮ ಹೊಸ ವಿಶ್ವವಿದ್ಯಾಲಯಗಳನ್ನೇ ನೋಡಿ. ಹಾವೇರಿ, ಕೊಪ್ಪಳ, ಹಾಸನ, ಚಾಮರಾಜನಗರ. ದುಡ್ಡಿಲ್ಲ, ಜಾಗವಿಲ್ಲ, ಆದರೂ ಜೋರಾಗಿ ಉದ್ಘಾಟನೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸಂಪುಟ ಉಪಸಮಿತಿ ಇಂಥ ಒಂಬತ್ತನ್ನು ಮುಚ್ಚಿಬಿಡಿ ಅಂತ ಶಿಫಾರಸು ಮಾಡಿತು. ತೆರೆದು ಆಗಿದ್ದು ಎರಡು ವರ್ಷದ ಆಸುಪಾಸು. ಇವನ್ನು ತೆರೆಯೋಣ ಅನ್ನುವ ಪಿಚ್ ಕೇಳಿಸಿಕೊಂಡು ಒಪ್ಪಿದವರು ಯಾರು, ಅವರಿಗೆ ಎಷ್ಟು ಅಂಕ ಕೊಡೋಣ?

ತಮಾಷೆ ಸಾಕು. ಮೊದಲು ಪಾಠ ಮಾಡುವವರಿಗೆ ಸಂಬಳ ಕೊಡ್ರಪ್ಪಾ. ಖಾಲಿ ಹುದ್ದೆ ತುಂಬಿ. ಲ್ಯಾಬಿನಲ್ಲಿ ಕೆಟ್ಟು ನಿಂತಿರುವುದನ್ನು ರಿಪೇರಿ ಮಾಡಿಸಿ. ಎಷ್ಟೋ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಿಗೆ ತಿಂಗಳುಗಟ್ಟಲೆ ಗೌರವಧನವೇ ಬರುವುದಿಲ್ಲ. ಸ್ಪರ್ಧೆಯ ನಿರೂಪಣೆ ಮಾತ್ರ ಅವರದೇ, ಹಣ್ಣಿನ ಬುಟ್ಟಿ ತಂದವರೂ ಅವರೇ. ರಾತ್ರಿ ಕೂತು ವರದಿ ಟೈಪ್ ಮಾಡುವವರೂ ಅವರೇ. ಬೆಳಿಗ್ಗೆ ಹತ್ತರೊಳಗೆ ಪೋರ್ಟಲ್‌ಗೆ ಹಾಕಬೇಕಂತೆ.