ಐದು ವರ್ಷ ಕೆಲಸ ಬಿಟ್ಟರೆ ನರ್ಸಿಂಗ್ ಸರ್ಟಿಫಿಕೇಟ್ ರದ್ದಾಗುತ್ತಾ?

ಕುಂಬಳೆ, ಬದಿಯಡ್ಕ ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಮೆಸೇಜು ಸುತ್ತುತ್ತಿದೆ: "ಐದು ವರ್ಷ ಕೆಲಸ ಮಾಡದ ನರ್ಸ್‌ಗಳ ಸರ್ಟಿಫಿಕೇಟ್ ರದ್ದು, ಮತ್ತೆ ಕೋರ್ಸ್ ಮಾಡಬೇಕು." ಸುಳ್ಳು.

ಅವಧಿ ಮುಗಿಯುವುದು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನ ನೋಂದಣಿಗೆ, ನೀವು ಓದಿ ಪಾಸಾದ ಜಿಎನ್‌ಎಂ ಡಿಪ್ಲೊಮಾಕ್ಕೋ ಬಿಎಸ್ಸಿಗೋ ಅಲ್ಲ. ನವೀಕರಿಸದೆ ಬಿಟ್ಟಿದ್ದರೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಕೇಳಿದಷ್ಟು ಗಂಟೆಯ ಸಿಎನ್ಇ (ನರ್ಸ್‌ಗಳ ಮುಂದುವರಿದ ಶಿಕ್ಷಣ) ತರಬೇತಿ ಮುಗಿಸಿ ಸರಿಮಾಡಿಸಿಕೊಳ್ಳಬಹುದು. ಅಲ್ಲಿಯವರೆಗೆ ಡ್ಯೂಟಿಗೆ ಮಾತ್ರ ಸೇರಬೇಡಿ.

ನಮ್ಮ ಕಾಸರಗೋಡಿನವರ ನಿಜವಾದ ತಲೆನೋವೇ ಬೇರೆ. ಎಷ್ಟೋ ಜನ ಓದಿದ್ದು ಮಂಗಳೂರಲ್ಲಿ, ನೋಂದಣಿ ಆಗಿದ್ದು ಕರ್ನಾಟಕದ ಕೌನ್ಸಿಲ್‌ನಲ್ಲಿ. ಊರಲ್ಲೇ ಕೆಲಸ ಬೇಕಂದ್ರೆ ತಿರುವನಂತಪುರದಲ್ಲಿರುವ ಕೇರಳ ಕೌನ್ಸಿಲ್‌ನಲ್ಲೂ ಹೆಸರು ಸೇರಿಸಬೇಕು, ಆಗ ಗೋದ್ರೇಜಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟಿದ್ದ ಮಾರ್ಕ್ಸ್‌ಕಾರ್ಡು ಹೊರಗೆ ಬರುತ್ತದೆ, ಅದರಲ್ಲಿ ಅಪ್ಪನ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಹೆಸರು! ಮೊದಲು ಇದನ್ನು ನೋಡಿಕೊಳ್ಳಿ.

ಬಹುಶಃ ಯಾರೋ ಬ್ರಿಟನ್ನಿನ ನಿಯಮವನ್ನು ಇಲ್ಲಿಗೆ ಕಲಸಿದ್ದಾರೆ. ಅಲ್ಲಿ ನೋಂದಣಿ ಉಳಿಸಿಕೊಳ್ಳಲು 3 ವರ್ಷದಲ್ಲಿ 450 ಗಂಟೆ ಕೆಲಸ ತೋರಿಸಬೇಕು. ಆಗದಿದ್ದರೆ ಕೆಲಸಕ್ಕೆ ಮರಳುವವರಿಗೆಂದೇ ಇರುವ ಕೋರ್ಸ್, ಇಲ್ಲವೇ ಪರೀಕ್ಷೆ. ಡಿಗ್ರಿ ರದ್ದು ಅಂತ ಅಲ್ಲೂ ಇಲ್ಲ.

ಭಯ ಇರುವುದು ಕಾಗದದ್ದಲ್ಲ, ಕೈಯದ್ದು, ಅಲ್ವಾ? ಪಾದರಸದ ಬಿಪಿ ಮೆಷಿನ್ ಹೋಗಿ ಡಿಜಿಟಲ್ ಬಂದಿದೆ, ಚಾರ್ಟು ಕಂಪ್ಯೂಟರಿಗೆ ಏರಿದೆ. ಇಂಟರ್‌ವ್ಯೂನಲ್ಲಿ ಗ್ಯಾಪ್ ಮುಚ್ಚಿಡಬೇಡಿ. ಮೊದಲ ಕೆಲವು ವಾರ ಹಿರಿಯ ಸಿಸ್ಟರ್ ಜೊತೆಗೇ ಡ್ಯೂಟಿ ಹಾಕಿ ಅಂತ ನೇರವಾಗಿ ಕೇಳಿ.